ಗರ್ಭಿಣಿಯ ತಪಾಸಣೆ, ಹೆರಿಗೆಯ ನಿಗಾ: ಹೊಸ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಲೇಬರ್ ರೂಮ್ ಪೋಸ್ಟಿಂಗ್‌ಗೆ ಬರುವ ವಿದ್ಯಾರ್ಥಿಗಳೂ ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳೂ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ. ಔಷಧಿ, ಡೋಸು, ಯಾರಿಗೆ ಮೊದಲು ಹೇಳಬೇಕು ಅನ್ನುವುದೆಲ್ಲ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಪ್ರಕಾರವೇ ನಡೆಯಲಿ.

ಡಾಕ್ಟರ್ ಹೇಗೂ ನೋಡ್ತಾರೆ. ನರ್ಸ್ ಮತ್ತೆ ಯಾಕೆ ತಪಾಸಣೆ ಮಾಡಬೇಕು?

ಡಾಕ್ಟರ್ ಬಂದು ನೋಡಿ ಹೋಗುತ್ತಾರೆ. ನೀವು ಅಲ್ಲೇ ಇರುತ್ತೀರಿ. ಎಷ್ಟೋ ತೊಂದರೆಗಳು ಒಂದೇ ಏಟಿಗೆ ಬರುವುದಿಲ್ಲ. ನಾಡಿ ಸ್ವಲ್ಪ ಏರುತ್ತದೆ, ಬಿಪಿ ಪ್ರತಿ ಸಲವೂ ಒಂಚೂರು ಜಾಸ್ತಿ ಬರುತ್ತದೆ, ಮಗುವಿನ ಎದೆಬಡಿತ ನೋವು ಬಂದಾಗಲೆಲ್ಲ ಸ್ವಲ್ಪ ಇಳಿದು ನಿಧಾನಕ್ಕೆ ಮೇಲೆ ಬರುತ್ತದೆ. ಈ ಬದಲಾವಣೆ ಕಾಣುವುದು ಹಾಸಿಗೆ ಪಕ್ಕ ಇರುವವರಿಗೆ.

ಒಂದು ಅಳತೆಯನ್ನು ಒಂಟಿಯಾಗಿ ಹಿಡಿದುಕೊಂಡರೆ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಹಿಂದಿನದರ ಪಕ್ಕ ಇಟ್ಟು ನೋಡಬೇಕು. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಮೊದಲು ಹಿಂದಿನ ತಪಾಸಣೆಗಳನ್ನು ಬರೆದಿಟ್ಟ ಕಾರ್ಡ್ ಓದುವುದನ್ನು ಕಲಿಸುತ್ತೇನೆ. ಹೊಟ್ಟೆ ಮುಟ್ಟುವುದು ಆಮೇಲೆ.

ಮೊದಲ ಭೇಟಿಯಲ್ಲಿ ಏನೇನು ಕೇಳಬೇಕು?

ಮುಟ್ಟಿನ ದಿನ, ಹಿಂದಿನ ಬಸಿರು, ಹಿಂದಿನ ಹೆರಿಗೆ, ಆಪರೇಷನ್, ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಹೃದಯದ ತೊಂದರೆ, ಫಿಟ್ಸ್, ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ. ಇದು ಫಾರಂನಲ್ಲೇ ಇರುತ್ತದೆ. ಕಷ್ಟ ಇರುವುದು ಕೇಳುವ ರೀತಿಯಲ್ಲಿ.

"ಇದು ಎಷ್ಟನೇ ಮಗು?" ಅಂತ ಕೇಳಿದರೆ "ಎರಡನೇದು" ಅಂತ ಉತ್ತರ ಬರುತ್ತದೆ. ನಡುವೆ ಮೂರನೇ ತಿಂಗಳಲ್ಲಿ ಹೋದ ಬಸಿರು, ಹುಟ್ಟಿದ ಮೇಲೆ ಉಳಿಯದ ಮಗು ಆ ಉತ್ತರದಲ್ಲಿ ಬರುವುದೇ ಇಲ್ಲ. "ಇದುವರೆಗೆ ಎಷ್ಟು ಸಲ ಬಸಿರಾಗಿದ್ದಿರಿ? ಒಂದೊಂದರಲ್ಲೂ ಏನಾಯ್ತು ಹೇಳಿ" ಅಂತ ಕೇಳಿ. ಗ್ರಾವಿಡಾ ಅಂದರೆ ಈಗಿನದ್ದೂ ಸೇರಿ ಒಟ್ಟು ಬಸಿರು. ಪ್ಯಾರಾ ಅಂದರೆ ಮಗು ಬದುಕಬಲ್ಲ ತಿಂಗಳು ದಾಟಿ ಆದ ಹೆರಿಗೆಗಳು. ಅವಳಿ ಹುಟ್ಟಿದ್ದರೂ ಅದು ಒಂದೇ ಹೆರಿಗೆ. ಒಂದು ಗರ್ಭಪಾತ, ಒಂದು ಹೆರಿಗೆ, ಈಗ ಮತ್ತೆ ಬಸಿರು ಅಂದರೆ ಗ್ರಾವಿಡಾ 3, ಪ್ಯಾರಾ 1, ಅಬಾರ್ಷನ್ 1. ಹಿಂದೆ ಸಿಸೇರಿಯನ್ ಆಗಿತ್ತಾ, ಹೆರಿಗೆ ಆದ ಮೇಲೆ ಜಾಸ್ತಿ ರಕ್ತ ಹೋಗಿತ್ತಾ, ಇವೆರಡನ್ನು ಬಿಡಲೇಬೇಡಿ. ಈ ಸಲದ ಹೆರಿಗೆಗೆ ಏನೇನು ತಯಾರಿ ಬೇಕು ಅನ್ನುವುದು ಈ ಉತ್ತರಗಳಿಂದಲೇ ಗೊತ್ತಾಗುತ್ತದೆ.

ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಅವಳೊಬ್ಬಳ ಜೊತೆ ಮಾತಾಡಿ. ಹಿಂದಿನ ಗರ್ಭಪಾತ, ಮನೆಯಲ್ಲಿ ಹೊಡೆತ ಬಡಿತ, ಮನಸ್ಸಿನ ಬೇಸರ, ಇವೆಲ್ಲ ಬೇರೆಯವರ ಮುಂದೆ ಬಾಯಿಗೆ ಬರುವುದಿಲ್ಲ.

ಹೆರಿಗೆ ದಿನ ಲೆಕ್ಕ ಹಾಕುವುದು ಹೇಗೆ?

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 7 ದಿನ ಕೂಡಿ, 3 ತಿಂಗಳು ಹಿಂದೆ ಹೋಗಿ. ಜೂನ್ 10 ಆಗಿದ್ದರೆ ಮಾರ್ಚ್ 17. ಇದು ನೇಗಲೆ ಸೂತ್ರ, ಒಟ್ಟು 280 ದಿನ. ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಬರುವವರಿಗೆ ಮಾತ್ರ ಇದು ಹೊಂದುತ್ತದೆ. 35 ದಿನಕ್ಕೊಮ್ಮೆ ಆಗುವವರಿಗೆ ಇನ್ನೊಂದು ವಾರ ಸೇರಿಸಬೇಕು. ದಿನ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳ ಸ್ಕ್ಯಾನೇ ಆಧಾರ. ತಡವಾಗಿ ಮಾಡಿದ ಸ್ಕ್ಯಾನ್‌ನಲ್ಲಿ ದಿನದ ಲೆಕ್ಕ ಅಷ್ಟು ನಿಖರವಾಗಿ ಸಿಗುವುದಿಲ್ಲ.

ಎಷ್ಟು ಸಲ ತಪಾಸಣೆಗೆ ಬರಬೇಕು?

ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಕನಿಷ್ಠ 8 ಸಲ ಅನ್ನುತ್ತದೆ. ಮೊದಲನೆಯದು 12 ವಾರದೊಳಗೆ. ಆಮೇಲೆ 20, 26, 30, 34, 36, 38, 40ನೇ ವಾರ. ಕೊನೆಗೆ ಬರುತ್ತಾ ಬರುತ್ತಾ ಭೇಟಿ ಹತ್ತಿರ ಹತ್ತಿರ ಆಗುವುದಕ್ಕೆ ಕಾರಣ ಇದೆ. ಬಿಪಿ ಏರುವುದು, ಮಗುವಿನ ಬೆಳವಣಿಗೆ ಕುಂಠಿತ ಆಗುವುದು, ಮಗು ಅಡ್ಡ ಇರುವುದು, ಇವು ಹೆಚ್ಚಾಗಿ ಆಗಲೇ ಕಾಣುವುದು.

ಬಿಪಿ ನೋಡುವುದರಲ್ಲಿ ಏನು ತಪ್ಪು ಮಾಡ್ತೀವಿ?

ಅವಸರ. ಮೆಟ್ಟಿಲು ಹತ್ತಿ ಬಂದವಳ ತೋಳಿಗೆ ತಕ್ಷಣ ಪಟ್ಟಿ ಸುತ್ತುತ್ತೀವಿ. ಮೂತ್ರಕ್ಕೆ ಹೋಗಿ ಬರಲಿ. 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಲಿ. ಕಾಲು ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿರಲಿ. ಪಟ್ಟಿ ಅವಳ ತೋಳಿನ ಗಾತ್ರಕ್ಕೆ ಸರಿಹೊಂದಬೇಕು. ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದಿನ ತುಂಬಿದವಳನ್ನು ಅಂಗಾತ ಮಲಗಿಸಿ ನೋಡಬೇಡಿ. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಹೆರಿಗೆ ನೋವಿನಲ್ಲಿ ಇರುವವಳಿಗಾದರೆ ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆ ನೋಡಿ.

20 ವಾರ ಆದ ಮೇಲೆ 140/90 ಅಥವಾ ಜಾಸ್ತಿ ಬಂದು, 4 ಗಂಟೆ ಬಿಟ್ಟು ನೋಡಿದಾಗಲೂ ಹಾಗೇ ಇದ್ದರೆ ಅದು ಬಿಪಿ ಕಾಯಿಲೆ. ಮೂತ್ರದಲ್ಲಿ ಪ್ರೋಟೀನ್ ಕೂಡ ಇದ್ದರೆ ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದಿದ್ದರೂ ಪ್ಲೇಟ್‌ಲೆಟ್, ಲಿವರ್ ಅಥವಾ ಕಿಡ್ನಿಯಲ್ಲಿ ತೊಂದರೆ ಕಂಡರೆ ಅದೇ ಹೆಸರು. 160/110 ಬಂದರೆ 4 ಗಂಟೆ ಕಾಯುವ ಮಾತೇ ಇಲ್ಲ. ಕೆಲವೇ ನಿಮಿಷದಲ್ಲಿ ಮತ್ತೆ ನೋಡಿ, ಡಾಕ್ಟರನ್ನು ಕರೆಯಿರಿ.

ಹಳೆಯ ಕಾರ್ಡ್ ನೋಡಿ ಅಂದಿದ್ದು ಇಲ್ಲೇ ಕೆಲಸಕ್ಕೆ ಬರುವುದು. ಮೊದಲ ಭೇಟಿಯಲ್ಲಿ 100/60 ಇದ್ದವಳಿಗೆ ಇವತ್ತು 134/86. 140/90 ಮುಟ್ಟಿಲ್ಲ, ಆದರೆ ಏರಿರುವುದು ಕಣ್ಣಿಗೆ ಹೊಡೆಯುತ್ತದೆ. ಹಾಗೆ ಬರೆದು ಕಳಿಸಬೇಡಿ. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಪಕ್ಕೆಲುಬಿನ ಕೆಳಗೆ ನೋವಾ, ಮುಖ ಊದಿದೆಯಾ ಕೇಳಿ. ಮೂತ್ರ ನೋಡಿ. ಮುಂದಿನ ಭೇಟಿ ಬೇಗ ಇರಲಿ ಅಂತ ಡಾಕ್ಟರಿಗೆ ಹೇಳಿ.

ಹೊಟ್ಟೆ ಮುಟ್ಟಿದರೆ ನನಗೆ ಏನೂ ಗೊತ್ತಾಗೋದೇ ಇಲ್ಲ. ಏನು ಮಾಡಲಿ?

ಎಲ್ಲರಿಗೂ ಮೊದಲು ಹಾಗೇ ಆಗುತ್ತದೆ. ನನಗೂ ಹಾಗೇ ಆಗಿತ್ತು. ಮೊದಲು ಅವಳು ಮೂತ್ರಕ್ಕೆ ಹೋಗಿ ಬರಲಿ. ತುಂಬಿದ ಮೂತ್ರಕೋಶ ಕೈಗೆ ಮಗುವಿನ ತಲೆಯ ಹಾಗೇ ಸಿಗುತ್ತದೆ. ಮೊಣಕಾಲು ಮಡಿಸಿ ಮಲಗಿಸಿ, ತಲೆಗೆ ದಿಂಬು ಕೊಡಿ, ಒಂದು ಪಕ್ಕ ಸ್ವಲ್ಪ ಎತ್ತರ ಮಾಡಿ. ನಿಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತದೆ, ಆಮೇಲೆ ಏನು ಒತ್ತಿದರೂ ಸಿಗುವುದಿಲ್ಲ. ಬೆರಳ ತುದಿಯಿಂದ ಚುಚ್ಚಬೇಡಿ. ಬೆರಳುಗಳನ್ನು ಜೋಡಿಸಿ, ಬೆರಳಿನ ಚಪ್ಪಟೆ ಭಾಗದಿಂದ ಒತ್ತಿ.

ಇನ್ನು ನಾಲ್ಕು ಹಿಡಿತ. ಇವು ಲಿಯೋಪೋಲ್ಡ್ ಅನ್ನುವ ಜರ್ಮನ್ ವೈದ್ಯರ ಹೆಸರಿನಲ್ಲಿವೆ. ಮೊದಲು ಗರ್ಭಕೋಶದ ಮೇಲ್ತುದಿ: ಅಲ್ಲಿರುವುದು ಮೆತ್ತಗೆ, ಅಗಲವಾಗಿ ಇದ್ದು, ಅಲುಗಿಸಿದರೆ ಇಡೀ ಮೈ ಜೊತೆಗೇ ಅಲುಗಿದರೆ ಅದು ಕುಂಡೆ. ಗಟ್ಟಿಯಾಗಿ, ದುಂಡಗೆ ಇದ್ದು, ಅದಷ್ಟೇ ಆಚೆ ಈಚೆ ಹೊರಳಿದರೆ ತಲೆ. ಎರಡನೆಯದು ಪಕ್ಕಗಳು: ಒಂದು ಕಡೆ ಉದ್ದಕ್ಕೆ ನುಣುಪಾಗಿ ಸಿಗುವುದು ಬೆನ್ನು, ಇನ್ನೊಂದು ಕಡೆ ಗಂಟು ಗಂಟಾಗಿ ಸಿಗುವುದು ಕೈಕಾಲು. ಮೂರನೆಯದರಲ್ಲಿ ಒಂದೇ ಕೈಯಿಂದ ಕಿಬ್ಬೊಟ್ಟೆಯಲ್ಲಿ ಇರುವುದನ್ನು ಹಿಡಿದು, ಅಲುಗುತ್ತದಾ ನೋಡುತ್ತೀರಿ. ನಾಲ್ಕನೆಯದರಲ್ಲಿ ಅವಳ ಕಾಲಿನ ಕಡೆ ಮುಖ ಮಾಡಿ ನಿಂತು, ತಲೆ ಎಷ್ಟು ಕೆಳಗೆ ಇಳಿದಿದೆ ಅಂತ ನೋಡುತ್ತೀರಿ. ಮೂರನೆಯದು ಹೆಂಗಸಿಗೆ ನೋವಾಗುವ ಹಿಡಿತ. ಅವಳ ಮುಖ ನೋಡುತ್ತಾ ಮಾಡಿ.

ಗರ್ಭಕೋಶದ ಎತ್ತರ ಅಳೆಯುವುದನ್ನು ಮರೆಯಬೇಡಿ. 12 ವಾರಕ್ಕೆ ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಸ್ವಲ್ಪ ಮೇಲೆ ಸಿಗುತ್ತದೆ, 20ರ ಸುಮಾರಿಗೆ ಹೊಕ್ಕುಳ ಹತ್ತಿರ ಬರುತ್ತದೆ, 36ಕ್ಕೆ ಎದೆಮೂಳೆಯ ತುದಿ ಮುಟ್ಟುತ್ತದೆ. ಆಮೇಲೆ ಮಗುವಿನ ತಲೆ ಕೆಳಗೆ ಕೂತರೆ ಎತ್ತರವೂ ಇಳಿಯುತ್ತದೆ, ಉಸಿರಾಟ ಹಗುರಾಯಿತು ಅಂತ ಅವಳೇ ಹೇಳುತ್ತಾಳೆ. 24 ವಾರದ ಮೇಲೆ ಟೇಪಿನಲ್ಲಿ ಎಷ್ಟು ಸೆಂಟಿಮೀಟರ್ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ವಾರ, 2 ಆಚೀಚೆ. ಎರಡು ಭೇಟಿಯಲ್ಲಿ ಅಳತೆ ಅಲ್ಲೇ ನಿಂತಿದ್ದರೆ ಸ್ಕ್ಯಾನ್ ಬೇಕೇ ಬೇಕು. ಟೇಪನ್ನು ಅಂಕಿ ಕಾಣದ ಹಾಗೆ ತಿರುಗಿಸಿ ಅಳೆಯಿರಿ, ಆಮೇಲೆ ತಿರುಗಿಸಿ ಓದಿ. ಇಲ್ಲದಿದ್ದರೆ ನಮಗೆ ಬೇಕಾದ ಅಂಕಿಗೆ ಬೆರಳು ತಾನಾಗಿ ಹೋಗಿ ನಿಲ್ಲುತ್ತದೆ.

ಮಗುವಿನ ಎದೆಬಡಿತ ಎಲ್ಲಿ ಸಿಗುತ್ತದೆ?

ಬೆನ್ನು ಸಿಕ್ಕಿದ ಕಡೆ. ತಲೆ ಕೆಳಗಿದ್ದರೆ ಹೊಕ್ಕುಳಕ್ಕಿಂತ ಕೆಳಗೆ, ಕುಂಡೆ ಕೆಳಗಿದ್ದರೆ ಹೊಕ್ಕುಳ ಮಟ್ಟದಲ್ಲಿ ಅಥವಾ ಮೇಲೆ. ನಿಮಿಷಕ್ಕೆ 110ರಿಂದ 160 ಸರಿ. ಕೇಳುವಾಗ ಇನ್ನೊಂದು ಕೈಯಲ್ಲಿ ತಾಯಿಯ ನಾಡಿ ಹಿಡಿದಿರಿ. ಭಯದಲ್ಲಿ, ಜ್ವರದಲ್ಲಿ ತಾಯಿಯ ನಾಡಿಯೇ 120 ದಾಟಬಹುದು. ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ಕೇಳಿದ್ದು ಯಾರದು ಅಂತ ಖಾತ್ರಿ ಆಗಲು ಇದೊಂದೇ ಸುಲಭ ದಾರಿ.

"ಮಗು ಯಾಕೋ ಸುಮ್ನಿದೆ" ಅಂದರೆ?

ಆ ಮಾತನ್ನು ಹಾಗೇ ನಂಬಿ. ಮೊದಲ ಬಸಿರಿನಲ್ಲಿ 18ರಿಂದ 20 ವಾರಕ್ಕೆ ಮಗು ಮಿಸುಕಾಡುವುದು ಗೊತ್ತಾಗುತ್ತದೆ, ಆಮೇಲಿನ ಬಸಿರಿನಲ್ಲಿ ಇನ್ನೂ ಸ್ವಲ್ಪ ಮುಂಚೆ. 28 ವಾರದ ಹೊತ್ತಿಗೆ ಪ್ರತಿ ತಾಯಿಗೂ ತನ್ನ ಮಗುವಿನ ವರಸೆ ಗೊತ್ತಿರುತ್ತದೆ. ಎಡಗಡೆ ಮಲಗಿ ಎಣಿಸಿದರೆ 2 ಗಂಟೆಯಲ್ಲಿ 10 ಸಲ ಆಡಬೇಕು ಅನ್ನುವ ಲೆಕ್ಕ ಬಳಕೆಯಲ್ಲಿದೆ. ಆದರೆ ಎಣಿಕೆ ಸರಿ ಬಂದರೂ "ದಿನಾ ಇರೋ ಹಾಗಿಲ್ಲ" ಅಂದರೆ ಅವಳನ್ನು ಕರೆಸಿಕೊಳ್ಳಿ. ಎದೆಬಡಿತ ಕೇಳಿ, ಎತ್ತರ ಅಳೆಯಿರಿ, ಡಾಕ್ಟರಿಗೆ ತಿಳಿಸಿ. "ದಿನ ತುಂಬಿದಾಗ ಮಗು ಆಡೋದು ಕಡಿಮೆ ಆಗುತ್ತೆ ಬಿಡಿ" ಅಂತ ಸಮಾಧಾನ ಹೇಳಿ ಕಳಿಸುವುದನ್ನು ಇನ್ನೂ ಕೇಳುತ್ತೇನೆ. ಅದು ಸುಳ್ಳು. ಜಾಗ ಕಡಿಮೆಯಾದಾಗ ಆಡುವ ರೀತಿ ಬದಲಾಗಬಹುದು, ಆಡುವುದು ಕಡಿಮೆ ಆಗಬಾರದು.

ಯಾವ ಪರೀಕ್ಷೆಗಳ ರಿಪೋರ್ಟ್ ನೋಡಬೇಕು?

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದರೆ ಕಾರ್ಡ್ ಮೇಲೆ ದಪ್ಪಗೆ ಬರೆಯಿರಿ. 28 ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ಮಗು ಪಾಸಿಟಿವ್ ಆಗಿದ್ದರೆ ಹುಟ್ಟಿದ 72 ಗಂಟೆಯೊಳಗೆ ಮತ್ತೆ. ಸಕ್ಕರೆ ಪರೀಕ್ಷೆ 24ರಿಂದ 28 ವಾರದಲ್ಲಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮೊದಲ ಭೇಟಿಯಲ್ಲೇ ಆಗಲಿ.

ರಕ್ತ ಹೋಗುತ್ತಿದೆ ಅಂತ ಬಂದರೆ ಮೊದಲು ಏನು?

ಕೈ ಒಳಗೆ ಹಾಕಬೇಡಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಒಳಗೆ ಕೈ ಹಾಕಿದ ಕೂಡಲೇ ತಡೆಯಲಾಗದ ರಕ್ತಸ್ರಾವ ಆಗಬಹುದು. ಮಾಸು ಎಲ್ಲಿದೆ ಅಂತ ಸ್ಕ್ಯಾನ್‌ನಲ್ಲಿ ಖಾತ್ರಿ ಆಗುವವರೆಗೆ ಪಿವಿ, ಅಂದರೆ ಯೋನಿಯೊಳಗೆ ಬೆರಳಿಟ್ಟು ಮಾಡುವ ಪರೀಕ್ಷೆ, ಇಲ್ಲ. ನೋವಿಲ್ಲದೆ ಕೆಂಪು ರಕ್ತ ಹೋಗುತ್ತಿದ್ದರೆ ಮಾಸು ಕೆಳಗಿರುವ ಸಂಶಯ. ಹೊಟ್ಟೆ ಹಲಗೆಯ ಹಾಗೆ ಗಟ್ಟಿ, ಮುಟ್ಟಿದರೆ ನೋವು ಅಂದರೆ ಮಾಸು ಮೊದಲೇ ಬಿಟ್ಟುಕೊಂಡಿರಬಹುದು. ಆಗ ಹೊರಗೆ ಕಾಣುವ ರಕ್ತ ಸ್ವಲ್ಪವೇ ಇದ್ದರೂ ಒಳಗೆ ಜಾಸ್ತಿ ಇರಬಹುದು. ಕೂಗಿ ಸಹಾಯ ಕರೆಯಿರಿ. ನಾಡಿ, ಬಿಪಿ, ಮಗುವಿನ ಎದೆಬಡಿತ ನೋಡಿ. ಐವಿ ಲೈನ್ ಹಾಕಿ, ರಕ್ತದ ಗುಂಪಿಗೆ ಕಳಿಸಿ.

ನಿಜವಾದ ನೋವೋ, ಸುಳ್ಳು ನೋವೋ ಹೇಗೆ ಗೊತ್ತಾಗುತ್ತದೆ?

ನಿಜವಾದ ನೋವು ಬರುಬರುತ್ತಾ ಹತ್ತಿರ ಆಗುತ್ತದೆ, ಉದ್ದ ಆಗುತ್ತದೆ, ಜೋರಾಗುತ್ತದೆ. ಸೊಂಟದಿಂದ ಶುರುವಾಗಿ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ನಡೆದಾಡಿದರೂ ನಿಲ್ಲುವುದಿಲ್ಲ. ಗರ್ಭಕೋಶದ ಬಾಯಿ ತೆಳುವಾಗಿ ತೆರೆಯುತ್ತಾ ಹೋಗುತ್ತದೆ, ಕೆಂಪು ಬೆರೆತ ಲೋಳೆ ಕಾಣಬಹುದು. ಸುಳ್ಳು ನೋವಿಗೆ ಲೆಕ್ಕ ಇಲ್ಲ, ಮಲಗಿದರೆ ಹೋಗುತ್ತದೆ. ಹೆಸರು ಸುಳ್ಳು ಅಂತ ಇದ್ದರೂ ಅವಳಿಗೆ ಆಗುವ ನೋವು ನಿಜ. "ಇದು ಸುಳ್ಳು ನೋವು" ಅಂತ ಅವಳ ಮುಖಕ್ಕೆ ಹೇಳಬೇಡಿ. "ಇನ್ನೂ ಹೆರಿಗೆ ಶುರುವಾಗಿಲ್ಲ" ಅನ್ನಿ.

ನೋವು ಎಷ್ಟು ಜೋರಿದೆ ಅಂತ ಅಳೆಯುವುದು ಹೇಗೆ?

ಗಡಿಯಾರ ಮತ್ತು ಕೈ. ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇಟ್ಟು ಪೂರಾ 10 ನಿಮಿಷ ಕೂರಿ. ಒತ್ತಬೇಡಿ, ಸುಮ್ನೆ ಇಟ್ಟಿರಿ. ಅವಳು ಮುಖ ಕಿವುಚುವ ಮೊದಲೇ ಕೈಕೆಳಗೆ ಗರ್ಭಕೋಶ ಬಿಗಿಯುವುದು ಗೊತ್ತಾಗುತ್ತದೆ. ಒಂದು ಕಡೆಯಿಂದ ಎದ್ದು, ಗಟ್ಟಿಯಾಗಿ, ಆಮೇಲೆ ಮೆಲ್ಲಗೆ ಸಡಿಲ ಆಗುತ್ತದೆ. ಬಿಗಿಯಾದಾಗ ಬೆರಳಿನಿಂದ ಒತ್ತಿ ನೋಡಿ: ಮೂಗಿನ ತುದಿಯ ಹಾಗಿದ್ದರೆ ಕಡಿಮೆ, ಗದ್ದದ ಹಾಗಿದ್ದರೆ ಮಧ್ಯಮ, ಹಣೆಯ ಹಾಗಿದ್ದರೆ ಜೋರು. ಎಷ್ಟು ಸೆಕೆಂಡ್ ಇತ್ತು, 10 ನಿಮಿಷದಲ್ಲಿ ಎಷ್ಟು ಬಂತು ಬರೆಯಿರಿ. 3ರಿಂದ 5 ಸರಿ. 5 ದಾಟಿದರೆ ಮಗುವಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ನಡುವೆ ಗರ್ಭಕೋಶ ಪೂರ್ತಿ ಮೆತ್ತಗಾಗುತ್ತದಾ ಅನ್ನುವುದನ್ನೂ ನೋಡಬೇಕು. ಮೆತ್ತಗಾಗದಿದ್ದರೆ ಕೂಡಲೇ ಹೇಳಿ.

ಆ 10 ನಿಮಿಷದಲ್ಲಿ ಬೇರೆ ಒಂದು ಕೆಲಸವೂ ಆಗುತ್ತದೆ. ರಾತ್ರಿ ಡ್ಯೂಟಿಯಲ್ಲಿ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳ ಹೊಟ್ಟೆ ಮೇಲೆ ಹೀಗೇ ಕೈ ಇಟ್ಟು ಕೂತಿದ್ದೆ. ನೋವು ಎಣಿಸಿ ಎದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡು "ಸಿಸ್ಟರ್, ಕೈ ಅಲ್ಲೇ ಇರಲಿ" ಅಂದಳು. ಅಳೆಯಲು ಇಟ್ಟ ಕೈ ಅವಳಿಗೆ ಆಸರೆಯಾಗಿತ್ತು.

ಪಿವಿ ಎಷ್ಟು ಸಲ ಮಾಡಬೇಕು?

ಎಲ್ಲ ಸರಿಯಿದ್ದರೆ 4 ಗಂಟೆಗೆ ಒಂದು ಸಲ ಸಾಕು. ಸುಮ್ಮಸುಮ್ಮನೆ ಮಾಡಿದಷ್ಟೂ ಸೋಂಕು ಜಾಸ್ತಿ, ಅದರಲ್ಲೂ ನೀರು ಹೋದ ಮೇಲೆ. ಕಲಿಯುವವರು ಒಬ್ಬರ ಹಿಂದೆ ಒಬ್ಬರು ಒಬ್ಬಳಿಗೇ ಮಾಡುವುದು ತಪ್ಪು. ಯಾಕೆ ಮಾಡುತ್ತೀರಿ ಅಂತ ಹೇಳಿ, ಒಪ್ಪಿಗೆ ಕೇಳಿ, ಪರದೆ ಎಳೆಯಿರಿ. ಅವಳು "ನಿಲ್ಲಿಸಿ" ಅಂದರೆ ನಿಲ್ಲಿಸಿ. ಮುಗಿದ ಮೇಲೆ ಏನು ಗೊತ್ತಾಯಿತು ಅಂತ ಡಾಕ್ಟರಿಗಿಂತ ಮೊದಲು ಅವಳಿಗೆ ಹೇಳಿ.

ಪಾರ್ಟೋಗ್ರಾಫ್ 4 ಸೆಂಟಿಮೀಟರ್‌ಗೆ ಶುರುವಾ, 5ಕ್ಕಾ?

ಪಾರ್ಟೋಗ್ರಾಫ್ ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಹಾಳೆ, ಸೆಂಟಿಮೀಟರ್ ಅಂದರೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ. ಉತ್ತರ ನೀವು ಯಾವ ಹಾಳೆ ಬಳಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಾರ್ಟೋಗ್ರಾಫ್‌ನಲ್ಲಿ 4 ಸೆಂಟಿಮೀಟರ್‌ನಿಂದ ಅಲರ್ಟ್ (ಎಚ್ಚರದ) ಗೆರೆ, ಅದರ 4 ಗಂಟೆ ಬಲಕ್ಕೆ ಆಕ್ಷನ್ (ಕ್ರಮ ಕೈಗೊಳ್ಳುವ) ಗೆರೆ. ಗಂಟೆಗೆ 1 ಸೆಂಟಿಮೀಟರ್ ತೆರೆಯಬೇಕು ಅನ್ನುವುದು ಅದರ ಲೆಕ್ಕ. ಎಷ್ಟೋ ಹೆಂಗಸರು ಅದಕ್ಕಿಂತ ನಿಧಾನವಾಗಿ ತೆರೆದರೂ ಸರಿಯಾಗೇ ಹೆರುತ್ತಾರೆ. ಅದಕ್ಕೇ 2018ರ ಶಿಫಾರಸಿನಲ್ಲಿ ಆಕ್ಟಿವ್ ಹಂತ (ನೋವು ಜೋರಾಗಿ ಬಾಯಿ ಬೇಗ ತೆರೆಯುವ ಹಂತ) 5 ಸೆಂಟಿಮೀಟರ್‌ನಿಂದ ಶುರು ಅಂತ ಮಾಡಿದರು, 2020ರಲ್ಲಿ ಲೇಬರ್ ಕೇರ್ ಗೈಡ್ ಅನ್ನುವ ಹೊಸ ಹಾಳೆ ಬಂತು. ಅದರಲ್ಲಿ ಒಂದೊಂದು ಸೆಂಟಿಮೀಟರ್‌ಗೂ ಬೇರೆ ಬೇರೆ ಕಾಲಮಿತಿ ಇದೆ: 5ರಲ್ಲೇ 6 ಗಂಟೆ ನಿಂತರೆ ಎಚ್ಚರ, 9ರಲ್ಲಿ ನಿಂತರೆ 2 ಗಂಟೆಗೇ ಎಚ್ಚರ.

ಆ ಹಾಳೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಬೇರೆ. ಜೊತೆಯಲ್ಲಿ ಅವಳಿಗೆ ಬೇಕಾದವರು ಇದ್ದಾರಾ, ನೋವು ಕಡಿಮೆ ಮಾಡಲು ಏನು ಮಾಡಿದಿರಿ, ಏನಾದರೂ ಕುಡಿದಳಾ, ಯಾವ ಭಂಗಿಯಲ್ಲಿದ್ದಾಳೆ, ಇವಕ್ಕೂ ಸಾಲುಗಳಿವೆ. ಬಿಪಿ, ನಾಡಿ ಬರುವುದಕ್ಕಿಂತ ಮೊದಲೇ ಬರುತ್ತವೆ. ಯಾವ ಹಾಳೆಯಾದರೂ ಆಗಲಿ, ಹೆರಿಗೆ ಮುಗಿದ ಮೇಲೆ ಕೂತು ಒಟ್ಟಿಗೆ ತುಂಬಿಸಿದ ಪಾರ್ಟೋಗ್ರಾಫ್ ತಾಯಿಗೂ ಮಗುವಿಗೂ ಕೆಲಸಕ್ಕೆ ಬರುವುದಿಲ್ಲ.

ನೀರು ಹೋದ ಕೂಡಲೇ ಏನು ನೋಡಬೇಕು?

ಮೊದಲು ಮಗುವಿನ ಎದೆಬಡಿತ. ಬಟ್ಟೆ ಬದಲಿಸುವುದು ಆಮೇಲೆ. ತಲೆ ಇನ್ನೂ ಮೇಲಿದ್ದರೆ ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಬರಬಹುದು. ಬಳ್ಳಿ ಕಂಡರೆ ಅಥವಾ ಕೈಗೆ ಸಿಕ್ಕರೆ, ಒಳಗಿಟ್ಟ ಬೆರಳಿನಿಂದ ಮಗುವಿನ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದು, ಕೈ ತೆಗೆಯದೆ ಸಹಾಯಕ್ಕೆ ಕೂಗಿ. ಅವಳನ್ನು ಮಂಡಿಯೂರಿ ಎದೆ ಹಾಸಿಗೆಗೆ ತಾಗುವ ಹಾಗೆ ಬಗ್ಗಿಸಿ. ಬಳ್ಳಿಯನ್ನು ಜಾಸ್ತಿ ಮುಟ್ಟಬೇಡಿ.

ಇನ್ನು ನೀರಿನ ಬಣ್ಣ, ವಾಸನೆ, ಹೋದ ಸಮಯ. ತಿಳಿಯಾಗಿದ್ದರೆ ಸರಿ. ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ, ನಿಗಾ ಜಾಸ್ತಿ ಬೇಕು. ಕೆಟ್ಟ ವಾಸನೆ, ಜ್ವರ ಇದ್ದರೆ ಸೋಂಕು.

ಎದೆಬಡಿತ ಎಷ್ಟೆಷ್ಟು ಹೊತ್ತಿಗೆ ಕೇಳಬೇಕು? ಇಳಿದರೆ?

ಆಕ್ಟಿವ್ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ. ನೋವು ಇರುವಾಗಲೇ ಶುರು ಮಾಡಿ, ನೋವು ಹೋದ ಮೇಲೂ ಕನಿಷ್ಠ 30 ಸೆಕೆಂಡ್ ಕೇಳಿ, ಒಟ್ಟು ಒಂದು ನಿಮಿಷಕ್ಕಿಂತ ಕಡಿಮೆ ಬೇಡ. ನೋವು ಹೋದ ಮೇಲೂ ಬಡಿತ ಕೆಳಗೇ ಇದ್ದರೆ ಅದೇ ಚಿಂತೆಯ ವಿಷಯ. ಎಡಗಡೆ ತಿರುಗಿಸಿ ಮಲಗಿಸಿ, ನೋವು ಜೋರು ಮಾಡುವ ಆಕ್ಸಿಟೋಸಿನ್ ಡ್ರಿಪ್ ಓಡುತ್ತಿದ್ದರೆ ನಿಲ್ಲಿಸಿ, ತಾಯಿಯ ನಾಡಿ, ಬಿಪಿ ನೋಡಿ, ಬಳ್ಳಿ ಇಳಿದಿದೆಯಾ ನೋಡಿ, ಡಾಕ್ಟರನ್ನು ಕರೆಯಿರಿ. ಇಷ್ಟೂ ಒಂದೇ ಉಸಿರಿನಲ್ಲಿ ಆಗಬೇಕು.

ಮಗು ಹುಟ್ಟಿದ ಮೇಲೆ ತಪಾಸಣೆ ಮುಗಿಯಿತಾ?

ಮುಗಿಯುವುದಿಲ್ಲ, ಇಬ್ಬರನ್ನು ನೋಡಬೇಕಾಗುತ್ತದೆ. ಮಗುವಿಗೆ 1 ಮತ್ತು 5ನೇ ನಿಮಿಷಕ್ಕೆ ಆಪ್ಗರ್ ಅಂಕ: ಬಣ್ಣ, ಎದೆಬಡಿತ, ಸ್ಪಂದನೆ, ಮೈಬಿಗಿ, ಉಸಿರು, ಒಂದೊಂದಕ್ಕೆ ಹೆಚ್ಚೆಂದರೆ 2. ವರ್ಜೀನಿಯಾ ಆಪ್ಗರ್ ಅನ್ನುವ ಅರಿವಳಿಕೆ ವೈದ್ಯೆ 1953ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಉಸಿರಾಡದ ಮಗುವಿಗೆ ಅಂಕ ಕೊಡಲು ಒಂದು ನಿಮಿಷ ಕಾಯಬೇಡಿ, ಉಸಿರು ಕೊಡಲು ಶುರು ಮಾಡಿ.

ತಾಯಿಗೆ ಮೊದಲ 2 ಗಂಟೆಯವರೆಗೆ, 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಗರ್ಭಕೋಶ, ರಕ್ತಸ್ರಾವ. ಗರ್ಭಕೋಶ ಹೊಕ್ಕುಳದ ಹತ್ತಿರ ಚೆಂಡಿನ ಹಾಗೆ ಗಟ್ಟಿ ಸಿಗಬೇಕು. ಮೆತ್ತಗಿದ್ದರೆ ಉಜ್ಜಿ, ಜೊತೆಯವರನ್ನು ಕರೆಯಿರಿ. ಒಂದು ಪಕ್ಕಕ್ಕೆ ಸರಿದಿದ್ದರೆ ಮೂತ್ರಕೋಶ ತುಂಬಿದೆ, ಖಾಲಿ ಮಾಡಿಸಿ. 500 ಮಿಲಿಲೀಟರ್ ದಾಟಿದರೆ ಅತಿಯಾದ ರಕ್ತಸ್ರಾವ ಅನ್ನುತ್ತೇವೆ, ಆದರೆ ಕಣ್ಣಂದಾಜಿನಲ್ಲಿ ನಾವು ಕಡಿಮೆಯೇ ಹೇಳುವುದು. ಪ್ಯಾಡ್, ಬಟ್ಟೆ ತೂಗಿ ನೋಡಿ. 1 ಗ್ರಾಂ ಅಂದರೆ ಹೆಚ್ಚುಕಡಿಮೆ 1 ಮಿಲಿಲೀಟರ್. ನಾಡಿ ಏರಿ ಮುಖ ಬಿಳಿಚಿದ್ದರೆ ಅಂಕಿಗೆ ಕಾಯಬೇಡಿ.

ನಾನು ಹೊಸಬಳಾಗಿದ್ದಾಗ ಒಬ್ಬ ಬಾಣಂತಿಯ ಪ್ಯಾಡ್ ನೋಡಿ "ಸ್ರಾವ ಕಡಿಮೆ" ಅಂತ ಬರೆದಿದ್ದೆ. ನನ್ನ ಹಿರಿಯ ಸಿಸ್ಟರ್ ಬಂದು ಏನೂ ಮಾತಾಡದೆ ಅವಳ ಸೊಂಟದ ಕೆಳಗೆ ಕೈ ತೂರಿಸಿದರು. ಹೊರಗೆ ತೆಗೆದಾಗ ಗ್ಲೌಸ್ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ರಕ್ತ ಹಿಂದಕ್ಕೆ ಹರಿದು ಬೆನ್ನಡಿಯ ರಬ್ಬರ್ ಶೀಟಿನ ಗುಂಡಿಯಲ್ಲಿ ನಿಂತಿತ್ತು. ಆ ತಾಯಿ ಉಳಿದಳು. ಅವತ್ತಿನಿಂದ ನಾನು ಪ್ಯಾಡ್ ನೋಡಿದ ಮೇಲೆ ಬೆನ್ನ ಕೆಳಗೆ ಕೈ ಹಾಕದೆ ಯಾರ ಕೇಸ್ ಶೀಟಿನಲ್ಲೂ ಒಂದಕ್ಷರ ಬರೆದಿಲ್ಲ.